ಪಾರ್ಕಿಗೆ ನೀರೆತ್ತಿದ ಗಾಳಿ

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಪಾರ್ಕ್ ಎದ್ದದ್ದು ಮರಳು ದಿಬ್ಬಗಳ ಮೇಲೆ. ಗಿಡ ಉಳಿಯಬೇಕಾದರೆ ನೀರು ಬೇಕೇ ಬೇಕು. ಆ ನೀರನ್ನು ಸ್ಪ್ರಿಂಗ್ ವ್ಯಾಲಿ ಎಂಬ ಖಾಸಗಿ ಕಂಪನಿಯಿಂದ ದುಬಾರಿ ಬೆಲೆಗೆ ಕೊಳ್ಳಬೇಕಿತ್ತು. ಬಿಲ್ ಕಟ್ಟಿ ಸಾಕಾದ ಪಾರ್ಕ್ ಕಮಿಷನ್ ಸಮುದ್ರದ ಗಾಳಿಯನ್ನು ನಂಬಿತು.

1903ರಲ್ಲಿ ಪಾರ್ಕಿನ ಪಶ್ಚಿಮ ತುದಿಯಲ್ಲಿ 75 ಅಡಿ ಎತ್ತರದ ಡಚ್ ಗಾಳಿಯಂತ್ರ ನಿಂತಿತು. ಗಂಟೆಗೆ 30,000 ಗ್ಯಾಲನ್, ಅಂದರೆ ಲಕ್ಷ ಲೀಟರಿಗೂ ಮೀರಿ ಅಂತರ್ಜಲ ಎತ್ತುವ ಶಕ್ತಿ ಅದಕ್ಕಿತ್ತು. ಬೋರ್‌ವೆಲ್ ನೀರು ನೋಡಿ ಬೆಳೆದ ನಮಗೆ ಇದು ಬೆರಗೇ ಸರಿ! ಬ್ಯಾಂಕರ್ ಸ್ಯಾಮ್ಯುಯೆಲ್ ಮರ್ಫಿ ಕೊಟ್ಟ ಹಣದಿಂದ 1908ರ ಹೊತ್ತಿಗೆ ಎರಡನೆಯದೂ ಬಂತು.

ಇದು ಪರಿಸರ ಪ್ರೇಮವಲ್ಲ, ಬಿಲ್ಲಿನ ಬಿಸಿ ಎಂದೇ ನಮಗನಿಸುತ್ತದೆ. 1913ರಲ್ಲಿ ಕರೆಂಟ್ ಪಂಪ್ ಬಂದವು, ರೆಕ್ಕೆಗಳಿಗೆ ಕೆಲಸ ತಪ್ಪಿತು. ಪಾಳುಬಿದ್ದ ಡಚ್ ಯಂತ್ರ 1981ರಲ್ಲಿ ದುರಸ್ತಿಯಾಯಿತು. ನೀರೆತ್ತಲು ಅಲ್ಲ, ಜನ ನೋಡಲು.