ಸ್ವಾದರಮಾವನ ಮನಿಗೆ ಕಟ್ಟಿದ ಬೆಲೆ

ಹತ್ತಿ ಎರಡನೇ ಬಿಡಿಸೋದು ನಡದದ, ಆಳು ಸಿಗವಲ್ಲವು. ಇವತ್ತು ಬೆಳಿ ಸುದ್ದಿ ಬಿಟ್ಟು ಮನಿ ಸುದ್ದಿ ಬರೀತೀನಿ, ಸ್ವಲ್ಪ ಉದ್ದ ಆಗ್ತದ.

ನಮ್ಮ ಅಣ್ಣನ ಮಗ ಶಹಾಪುರದಾಗ ಒಂದು ಹಳೇ ಮನಿ ನೋಡ್ಯಾನ. ಮಾತು 18 ಲಕ್ಷಕ್ಕ ಮುಗದಿತ್ತು. ಬ್ಯಾಂಕಿನವರು ಬೆಲೆ ಕಟ್ಟಾಕ ಕಳಿಸಿದ ಇಂಜಿನಿಯರ್ ಟೇಪು ಹಿಡದು ಅಳತಿ ಮಾಡಿ 13 ಲಕ್ಷ ಅಂತ ಬರದು ಹೋದ. ಸಾಲ ಆ 13ರ ಲೆಕ್ಕದ ಮ್ಯಾಲೇ. "ಕಾಕಾ, ಅವಗ ಮನಿ ಕಣ್ಣಿಗೆ ಕಾಣಲಿಲ್ಲೇನು?" ಅಂತ ಹುಡುಗ ಸಿಟ್ಟಾದ. ಕಂಡದ. ಆದ್ರ ಅವ ಗೋಡಿಗಿಂತ ಹೆಚ್ಚು ನೋಡಿದ್ದು ಕಾಗದ. ಆ ಓಣಿಯಾಗ ಇತ್ತೀಚೆಗೆ ನೋಂದಣಿ ಆದ ಖರೀದಿ ಪತ್ರಗಳಾಗ ಎಷ್ಟು ಬರದಾರ, ಸರ್ಕಾರದ ಮಾರ್ಗಸೂಚಿ ದರ ಎಷ್ಟು, ಕಟ್ಟಡಕ್ಕ ಎಷ್ಟು ವರ್ಷ ಆಗ್ಯಾವ. ಈ ಮೂರು ಮಾತು ನಾನು ಹತ್ತು ವರ್ಷದ ಹುಡುಗ ಇದ್ದಾಗಿಂದ ಕೇಳೀನಿ, ನಮ್ಮವ್ವನ ತವರುಮನಿ ಪಡಸಾಲ್ಯಾಗ.

ಕೃಷ್ಣಾ ಮೇಲ್ದಂಡೆ ಯೋಜನೆಗೆ ಲಾಲ್ ಬಹಾದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದ್ದು 1964ರ ಮೇ 22ರಂದು. ನಮ್ಮ ಕಡೆ ನಾರಾಯಣಪುರ ಡ್ಯಾಮು, ಅಂದ್ರ ಬಸವಸಾಗರ, ಮುಗದದ್ದು 1982ರಲ್ಲಿ. ಅದರ ಎಡದಂಡೆ ಕಾಲುವಿ ನೀರೇ ಸುರಪುರ, ಶಹಾಪುರದ ಹೊಲಗಳಿಗೆ ಬಂದದ್ದು. ನನ್ನ ಎರಡೂವರೆ ಎಕರೆಗೂ ಅದೇ ನೀರು. ನೀರು ಬಂದದ್ದು ಕೆಳಗ, ಮನಿ ಮುಳುಗಿದ್ದು ಮ್ಯಾಲೆ. ಮ್ಯಾಲಿನವರಾಗ ನಮ್ಮ ಸ್ವಾದರಮಾವನೂ ಒಬ್ಬ. ಹಿನ್ನೀರು ಕೂಡಲಸಂಗಮದ ತನಕ ಹೋಯಿತು. ಅಲ್ಲಿ ಬಸವಣ್ಣನವರ ಐಕ್ಯಸ್ಥಳದ ಸುತ್ತ ಬಾವಿಯಂಗ ಗೋಡಿ ಕಟ್ಟಿ ಉಳಿಸಿಕೊಂಡ್ರು. ಉಳಿದ ಮನಿಗಳಿಗೆ ಬೆಲೆ ಕಟ್ಟಿದ್ರು.

ಹೆಂಗ ಕಟ್ಟಿದ್ರು? ಆಗಿನ ಕಾಯ್ದೆ 1894ರದು, ಬ್ರಿಟಿಷರ ಕಾಲದ ಭೂಸ್ವಾಧೀನ ಕಾಯ್ದೆ. 4(1) ನೋಟಿಫಿಕೇಶನ್ ಹೊರಟ ದಿನದ ಮಾರುಕಟ್ಟೆ ಬೆಲೆ ಕೊಡಬೇಕು, ಅದರ ಮ್ಯಾಲೆ ಬಲವಂತದ ಸ್ವಾಧೀನಕ್ಕ ಅಂತ ನೂರಕ್ಕ 15 ಹೆಚ್ಚು. ಮಾರುಕಟ್ಟೆ ಬೆಲೆಗೆ ಸಾಕ್ಷಿ ಯಾವುದು? ಸಬ್ ರಿಜಿಸ್ಟ್ರಾರ್ ಕಚೇರಿಯ ಖರೀದಿ ಪತ್ರ. ನದಿ ದಂಡಿ ಹಳ್ಳ್ಯಾಗ ಮನಿ ಮಾರಿದವರೇ ಕಡಿಮಿ. ಅಣ್ಣತಮ್ಮಂದಿರು ಪಾಲು ಮಾಡ್ಕೊಂಡಿದ್ದು ಬಾಯಿಮಾತಿನಾಗ. ಮಾವನ ಹತ್ತಿರ ಇದ್ದದ್ದು ಅವರಪ್ಪನ ಕಾಲದ ಒಂದು ಉರ್ದು ಕಾಗದ. ಹೈದರಾಬಾದ್ ಸಂಸ್ಥಾನದಾಗ ಇದ್ದವರು ನಾವು, ಅದನ್ನ ಓದಿಸಾಕೇ ಸುರಪುರಕ್ಕ ಹೋಗಬೇಕಾಯಿತು. ಆ ಕಡೆ ಒಂದೆರಡು ಪತ್ರ ನೋಂದಣಿ ಆಗಿದ್ದು ಹೌದು, ಆದ್ರ ಸ್ಟಾಂಪ್ ಉಳಿಸಾಕ ಅರ್ಧ ಬೆಲೆ ಬರೆಸಿದ್ದವು.

ಕಟ್ಟಡದ ಲೆಕ್ಕ ಬ್ಯಾರೆ. ಅಳತಿ ಮಾಡಾಕ ಬಂದವರು ಗೋಡಿ ಎಷ್ಟು, ತೊಲಿ ಎಷ್ಟು, ಜಂತಿ ಎಷ್ಟು ಅಂತ ಬರಕೊಂಡ್ರು. ಸರ್ಕಾರಿ ದರಪಟ್ಟಿ ಹಚ್ಚಿದ್ರು, ಅದರಾಗ ವಯಸ್ಸಿನ ಸವಕಳಿ ಕಳದ್ರು. ಮಣ್ಣಿನ ಮಾಳಿಗಿ ಅಲ್ಲೇನ್ರಿ, ಅರವತ್ತು ವರ್ಷದ್ದು, ಕಳೆದ ಮ್ಯಾಲೆ ಉಳಿಯೋದೇನು? ನೆಲದಾಗಿನ ಹಗೇವು ತೋರಿಸಿ "ಇದು?" ಅಂತ ಮಾವ ಕೇಳಿದ್ದು ನನಗ ಇನ್ನಾ ನೆನಪದ. ಬಂದವರು ಕೆಟ್ಟವರಲ್ಲ, ಚಾ ಕುಡದು ನಿಯಮದಂಗ ಬರದ್ರು. ನಿಯಮದಾಗೇ ಖೋಡಿ ಇತ್ತು: ಹೋಗೋದು ಹಳೇ ಮನಿ, ಕಟ್ಟಬೇಕಾದದ್ದು ಹೊಸ ಮನಿ. ಸಿಮೆಂಟಿನವನು ಸವಕಳಿ ಕಳದು ಚೀಲ ಕೊಡಂಗಿಲ್ಲ. ಬಂದ ರೊಕ್ಕದಾಗ ಪುನರ್ವಸತಿ ಜಾಗದಾಗ ಮಾವನ ಹೊಸ ಗೋಡಿ ಎದಿಮಟ ಬಂದು ನಿಂತ್ವು. ಎರಡು ಮಳಿಗಾಲ ಹಂಗೇ ನಿಂತ್ವು.

ತಪ್ಪು ನಮ್ಮದೂ ಇತ್ತು. ರೊಕ್ಕ ತಗೊಳ್ಳುವಾಗ "ತಕರಾರು ಇಟ್ಟುಕೊಂಡು ಪಡೆದೀನಿ" ಅಂತ ಒಂದು ಸಾಲು ಬರೆದು ಸಹಿ ಮಾಡಬೇಕು. ಬರೀಲಿಲ್ಲಂದ್ರ 18ನೇ ಕಲಮಿನ ಕೆಳಗ ಕೋರ್ಟಿಗೆ ಕಳಿಸ್ರಿ ಅಂತ ಕೇಳುವ ಹಕ್ಕು ಹೋಗ್ತಿತ್ತು. ನಮ್ಮ ರಾಜ್ಯದ ತಿದ್ದುಪಡಿ ಪ್ರಕಾರ ನೋಟಿಸ್ ಮುಟ್ಟಿದ ಮ್ಯಾಲೆ 90 ದಿನದೊಳಗ ಅರ್ಜಿ ಕೊಡಬೇಕಿತ್ತು. ಮಾವ ಬರೀ ಹೆಬ್ಬಟ್ಟು ಒತ್ತಿ ಬಂದ. ಮಗ್ಗಲ ಮನಿಯವರು ಬರೆಸಿದ್ರು, ವಕೀಲರನ್ನ ಹಿಡದ್ರು, ವರ್ಷಗಟ್ಟಲೆ ಅಲದ್ರು. ಕೋರ್ಟು ಹೆಚ್ಚು ಮಾಡಿ ಕೊಟ್ಟಿತು.

ಅಷ್ಟೊತ್ತಿಗೆ 1984ರ ತಿದ್ದುಪಡಿ ಬಂದಿತ್ತು. 15 ಇದ್ದದ್ದು 30 ಆಯಿತು. ಅದಕ್ಕಿಂತ ದೊಡ್ಡದು 28ಎ: ಅದೇ ನೋಟಿಫಿಕೇಶನ್ ಒಳಗಿನ ಒಬ್ಬರಿಗೆ ಕೋರ್ಟು ಹೆಚ್ಚಿಗಿ ಕೊಟ್ರ, ಕೋರ್ಟಿಗೆ ಹೋಗದವರೂ ಮೂರು ತಿಂಗಳದಾಗ ಅರ್ಜಿ ಹಾಕಿ ಅದೇ ದರ ಕೇಳಬಹುದಿತ್ತು. ಬಡವರಿಗಂತಲೇ ಮಾಡಿದ ಕಲಮು. ಮಗ್ಗಲ ಮನಿಯವರಿಗೆ ಹೆಚ್ಚಿಗಿ ಆಗ್ಯಾದ ಅಂತ ಮಾವನಿಗೆ ಗೊತ್ತಾದದ್ದು ಒಂದು ಮದುವಿಯಾಗ, ಎಂಟು ತಿಂಗಳಾದ ಮ್ಯಾಲೆ. ಬೀಗರ ಊಟ ಬಿಟ್ಟು ಎದ್ದು ಬಂದ.

ಹೊಲದ ಕೇಸುಗಳಾಗ ಒಂದು ದಾರಿ ಇತ್ತು. ಖರೀದಿ ಪತ್ರ ನಂಬಾಕ ಬರದಿದ್ರ ಎಕರೆಗೆ ಇಳುವರಿ ಎಷ್ಟು, ದರ ಎಷ್ಟು, ಖರ್ಚು ಕಳದು ಉಳಿಯೋದೆಷ್ಟು ನೋಡಿ, ಅದನ್ನ ಹತ್ತರಿಂದ ಗುಣಿಸಿ ಕೋರ್ಟು ಬೆಲೆ ಕಟ್ಟೋದು. ಪಹಣಿ ಬೆಳಿ ಕಾಲಂ ಸರಿ ಇದ್ದವರಿಗೆ ಇದು ಕೈ ಹಿಡಿಯಿತು. ಮನಿಗೆ ಇಳುವರಿ ಎಲ್ಲಿಂದ ತರೂದು?

2013ರ ಹೊಸ ಕಾಯ್ದೆ 2014ರ ಜನವರಿ 1ರಿಂದ ಜಾರಿಗೆ ಬಂತು. ಹೆಚ್ಚಿಗಿ ನೂರಕ್ಕ ನೂರು. ಹಳ್ಳಿಗೆ ಒಂದರಿಂದ ಎರಡರ ತನಕ ಗುಣಕ. ಮನಿ ಕಳಕೊಂಡವರಿಗೆ ಮನಿ, ಇಲ್ಲಾ ಅದರ ಖರ್ಚು. ಛಲೋ ಕಾಯ್ದೆ. ಆದ್ರ ಬುಡದ ಲೆಕ್ಕ ನೋಡ್ರಿ: ಮಾರ್ಗಸೂಚಿ ದರ ಒಂದು, ಹಿಂದಿನ ಮೂರು ವರ್ಷದ ಖರೀದಿ ಪತ್ರಗಳಾಗ ಹೆಚ್ಚು ಬೆಲೆಯ ಅರ್ಧದ ಸರಾಸರಿ ಇನ್ನೊಂದು, ಒಪ್ಪಂದದ ಬೆಲೆ ಮತ್ತೊಂದು. ಯಾವುದು ಹೆಚ್ಚೋ ಅದು. ಮತ್ತ ಅದೇ ಕಾಗದ. ಸೊನ್ನಿಗೆ ಎಷ್ಟರಿಂದ ಗುಣಿಸಿದ್ರೂ ಸೊನ್ನಿ.

ಮನ್ನೆ ಹುಡುಗನ್ನ ಕೂಡಿಸಿಕೊಂಡು ಇಷ್ಟೂ ಹೇಳಿದೆ. ಹೊಸದಾಗಿ ಹಾಕಿದ ಸ್ಲ್ಯಾಬಿನ ಬಿಲ್ಲು, ಇ-ಖಾತಾ, ಅದೇ ಓಣಿಯಾಗ ಪೂರಾ ಬೆಲೆ ಬರೆಸಿದ ಎರಡು ಪತ್ರದ ನಕಲು ತಗೊಂಡು ಹೋಗಿ ಇನ್ನೊಮ್ಮೆ ಬೆಲೆ ಕಟ್ಟಸ್ರಿ ಅಂತ ಬ್ಯಾಂಕಿಗೆ ಅರ್ಜಿ ಕೊಟ್ಟ. ಎರಡನೇ ಸಲ 14.5 ಬಂತು. ಆ ವರದಿ ತೋರಿಸಿದ ಮ್ಯಾಲೆ ಮಾರುವವರು 16ಕ್ಕ ಇಳದ್ರು. ಎಲ್ಲಾ ಮುಗೀತು ಅನ್ನುವಾಗ ನನ್ನ ಕಿವಿಯಾಗ ಕೇಳ್ತಾನ, "ಕಾಕಾ, ಪತ್ರದಾಗ 14.5 ಅಷ್ಟೇ ಬರೆಸಿ ಉಳಿದದ್ದು ಕೈಯಾಗ ಕೊಟ್ರ ಹೆಂಗ? ಸ್ಟಾಂಪ್ ಉಳೀತದ."

ನಾನು ಮಾವನ ಎದಿಮಟದ ಗೋಡಿ ನೆನಪು ಮಾಡಿಕೊಟ್ಟೆ. ಸುಮ್ಮನಾದ. ಬುಧವಾರ ನೋಂದಣಿ ಅದ. ಹದಿನಾರೂ ಬರೆಸ್ತೀನಿ ಅಂದಾನ, ಆದ್ರೂ ನಾನು ಜೋಡಿ ಹೋಗ್ತೀನಿ. ಹತ್ತಿ ಒಂದು ದಿನ ತಡ ಆದ್ರ ಆಗ್ಲಿ.