ಹುಲಿಗೆ ಕೊಡ್ತೀನಿ, ಬಾಡಿಗೆಗಲ್ಲ

ನಾನು ಮುಂಬೈಯಲ್ಲಿ ಏನು ಕೆಲಸ ಮಾಡುತ್ತೇನೆಂದು ಧಾರವಾಡದ ನಮ್ಮ ಸೋದರತ್ತೆಗೆ ತಿಳಿಸಿ ಹೇಳುವುದರಲ್ಲಿ ಪ್ರತಿ ಸಲವೂ ಸೋಲುತ್ತೇನೆ. ವನ್ಯಜೀವಿ ಸಂರಕ್ಷಣೆಯ ಸಂಸ್ಥೆ, ಶ್ರೀಮಂತರನ್ನು ಭೇಟಿಯಾಗಿ ದೊಡ್ಡ ಮೊತ್ತದ ದೇಣಿಗೆ ಕೇಳುವ ಕೆಲಸ ಎಂದೆಲ್ಲ ವಿವರಿಸಿದ ಮೇಲೆ ಅವರು, 'ಅಂದ್ರ ಗಣಪತಿ ಪಟ್ಟಿ ಎತ್ತಿಧಾಂಗ ಅಲ್ಲೇನು?' ಎಂದರು. ಹೌದು, ಹಾಗೇ. ಗಣಪತಿಗೆ ಕೊಡುವವರು ಪೆಂಡಾಲಿನ ಲೈಟಿನ ಬಿಲ್ಲಿನ ಬಗ್ಗೆ ತಕರಾರು ತೆಗೆಯುವುದಿಲ್ಲ, ವ್ಯತ್ಯಾಸ ಅಷ್ಟೇ.

ನನಗೆ ಅತಿ ಹೆಚ್ಚು ಸಲ ಎದುರಾದ ಮಾತು, 'ಹುಲಿಗೆ ಕೊಡ್ತೀನಿ, ನಿಮ್ಮ ಆಫೀಸಿನ ಬಾಡಿಗೆಗೆ ಕೊಡೋದಿಲ್ಲ.' ಮೊದಮೊದಲು ಇದು ಈ ಊರಿನ ವ್ಯಾಪಾರಿ ಬುದ್ಧಿ ಅಂದುಕೊಂಡಿದ್ದೆ. ಆಮೇಲೆ ಈ ಕಸುಬಿನ ಚರಿತ್ರೆ ಓದುತ್ತ ಹೋದಾಗ, ಅದು ಕಸುಬಿನಷ್ಟೇ ಹಳೆಯ ತೊಡಕು ಎಂದು ಗೊತ್ತಾಯಿತು.

1960ರ ಕೊನೆಯಲ್ಲಿ ಜೀವವಿಜ್ಞಾನಿ ಜೂಲಿಯನ್ ಹಕ್ಸ್‌ಲಿ ಪೂರ್ವ ಆಫ್ರಿಕಾ ಸುತ್ತಿ ಬಂದು ಲಂಡನ್ನಿನ 'ಅಬ್ಸರ್ವರ್' ಪತ್ರಿಕೆಯಲ್ಲಿ ಅಲ್ಲಿನ ಕಾಡುಪ್ರಾಣಿಗಳ ಅಳಿವಿನ ಬಗ್ಗೆ ಬರೆದರು. ಓದಿ ಮರುಗಿದವರು ಬಹಳ. ವಿಕ್ಟರ್ ಸ್ಟೋಲನ್ ಎಂಬ ವ್ಯಾಪಾರಿ ಮಾತ್ರ ಹಕ್ಸ್‌ಲಿಗೆ ಬೇರೆಯೇ ಧಾಟಿಯ ಪತ್ರ ಬರೆದ. ಚೆಕೊಸ್ಲೊವಾಕಿಯಾದಿಂದ ನಿರಾಶ್ರಿತನಾಗಿ ಬಂದು ಲಂಡನ್ನಿನಲ್ಲಿ ನೆಲೆಸಿದ್ದವನು ಈತ. ಮರುಗಿ ಪ್ರಯೋಜನವಿಲ್ಲ, ದುಡ್ಡು ಬೇಕು, ಅದೂ ಬೇಗ ಬೇಕು. ಭಾರೀ ಶ್ರೀಮಂತರ ಆತ್ಮಸಾಕ್ಷಿ, ಹೃದಯ, ಹೆಮ್ಮೆ, ಒಣಜಂಭ, ಯಾವುದನ್ನು ಮುಟ್ಟಿಯಾದರೂ ಅವರ ಕೈ ಜೇಬಿನ ಆಳಕ್ಕೆ ಇಳಿಯುವಂತೆ ಮಾಡಬೇಕು ಎಂಬುದು ಅವನ ಪತ್ರದ ಸಾರ. ನಮ್ಮ ಕಸುಬಿನ ಎಲ್ಲ ತರಬೇತಿ ಶಿಬಿರಗಳಲ್ಲಿ ಹೇಳಿಕೊಡುವುದು ಈ ನಾಲ್ಕನ್ನೇ. ಕೊನೆಯದನ್ನು ಮಾತ್ರ ಬಾಯಿಬಿಟ್ಟು ಹೇಳುವುದಿಲ್ಲ.

ಪತ್ರ ಕೈಯಿಂದ ಕೈಗೆ ದಾಟಿತು. ಬ್ರಿಟನ್ನಿನ ನಿಸರ್ಗ ಸಂರಕ್ಷಣಾ ಇಲಾಖೆಯ ಮುಖ್ಯಸ್ಥ ಮ್ಯಾಕ್ಸ್ ನಿಕಲ್ಸನ್, ಚಿತ್ರಕಾರ ಪೀಟರ್ ಸ್ಕಾಟ್, ಜಾಹೀರಾತು ಕಂಪನಿಯಲ್ಲಿದ್ದುಕೊಂಡು ಹಕ್ಕಿ ನೋಡುತ್ತಿದ್ದ ಗೈ ಮೌಂಟ್‌ಫರ್ಟ್ ಒಟ್ಟು ಸೇರಿದರು. 1961ರಲ್ಲಿ ವರ್ಲ್ಡ್ ವೈಲ್ಡ್‌ಲೈಫ್ ಫಂಡ್ ಹುಟ್ಟಿತು. ಲಾಂಛನಕ್ಕೆ ಪಾಂಡಾ ಆಯ್ಕೆಯಾದದ್ದಕ್ಕೆ ಒಂದು ಕಾರಣ, ಕಪ್ಪು ಬಿಳುಪು ಪ್ರಾಣಿಯಾದರೆ ಅಚ್ಚಿನ ಖರ್ಚು ಕಡಿಮೆ! ಆ ವರ್ಷ ಅಕ್ಟೋಬರ್ 9ರಂದು 'ಡೈಲಿ ಮಿರರ್' ಮುಖಪುಟದಲ್ಲಿ ಘೇಂಡಾಮೃಗದ ಚಿತ್ರ ಹಾಕಿತು. ಕೆಲವೇ ದಿನಗಳಲ್ಲಿ ಸಾಮಾನ್ಯ ಓದುಗರಿಂದ ಸುಮಾರು 60,000 ಪೌಂಡ್ ಬಂತು.

ಆದರೆ ಘೇಂಡಾಮೃಗಕ್ಕೆಂದು ಬಂದ ಹಣದಲ್ಲಿ ಟೈಪಿಸ್ಟಿನ ಸಂಬಳ ಕೊಡುವುದು ಹೇಗೆ? ಒಂಬತ್ತು ವರ್ಷಗಳ ನಂತರ ಇದಕ್ಕೆ ಉಪಾಯ ಹುಡುಕಿದವರು ದಕ್ಷಿಣ ಆಫ್ರಿಕಾದ ಸಿಗರೇಟು ಉದ್ಯಮಿ ಆಂಟನ್ ರೂಪರ್ಟ್. ಒಬ್ಬೊಬ್ಬರಿಂದ 10,000 ಡಾಲರ್‌ನಂತೆ ಸಾವಿರ ಜನರಿಂದ ಒಂದು ಕೋಟಿ ಡಾಲರ್ ಎತ್ತುವುದು. ಅಸಲು ಮುಟ್ಟದೆ, ಅದರ ಆದಾಯದಲ್ಲೇ ಕಚೇರಿ ನಡೆಸುವುದು. ಸಾವಿರದ ಒಂದನೆಯವರು ಸಂಸ್ಥೆಯ ಅಧ್ಯಕ್ಷ, ನೆದರ್ಲೆಂಡ್ಸ್‌ನ ರಾಜಕುಮಾರ ಬರ್ನ್‌ಹಾರ್ಡ್. ಆದ್ದರಿಂದಲೇ ಅದರ ಹೆಸರು 'ದಿ 1001'. ರೂಪರ್ಟ್ ಕಂಪನಿಯಿಂದ ಬಂದ ಚಾರ್ಲ್ಸ್ ಡಿ ಹೇಸ್ ಎಂಬ ಯುವಕ ಸದಸ್ಯರನ್ನು ಕೂಡಿಸುವ ಕೆಲಸಕ್ಕೆ ನಿಂತ. ನೋಡಿ, ಜಗತ್ತಿನಲ್ಲಿ ಯಾರಿಗೂ ಬೇಡವಾದ ಸರಕು ಕಚೇರಿ ಖರ್ಚು. ಅದನ್ನು ರಾಜಮನೆತನದ ನೆರಳಿಟ್ಟು, ಜಾಗ ಇಷ್ಟೇ ಎಂದು ಲೆಕ್ಕ ಕಟ್ಟಿ ಮಾರಿದರು. ಕಸುಬಿನವಳಾಗಿ ನನಗೆ ಈ ಜಾಣತನದ ಬಗ್ಗೆ ಹೊಟ್ಟೆಕಿಚ್ಚಿದೆ.

ಸದಸ್ಯರ ಹೆಸರುಗಳನ್ನು ಸಂಸ್ಥೆ ಪ್ರಕಟಿಸಲಿಲ್ಲ. ಮುಂದೆ ಪತ್ರಕರ್ತರ ಕೈಗೆ ಸಿಕ್ಕ ಪಟ್ಟಿಗಳಲ್ಲಿ ಜೈರ್ ದೇಶದ ಸರ್ವಾಧಿಕಾರಿ ಮೊಬುಟು, ಬಿಸಿಸಿಐ ಸ್ಥಾಪಕ ಆಗಾ ಹಸನ್ ಅಬೇದಿ ಕಾಣಿಸಿಕೊಂಡರು. (ಕ್ರಿಕೆಟ್ ಮಂಡಳಿಯಲ್ಲ, 1991ರಲ್ಲಿ ಮುಳುಗಿದ ಬ್ಯಾಂಕು.) ಬರ್ನ್‌ಹಾರ್ಡ್ ಕೂಡ ಲಾಕ್‌ಹೀಡ್ ವಿಮಾನ ಕಂಪನಿಯ ಲಂಚದ ಹಗರಣದಲ್ಲಿ ಸಿಕ್ಕು 1976ರಲ್ಲಿ ಅಧ್ಯಕ್ಷಗಿರಿ ಬಿಟ್ಟರು.

ಈ ಕಥೆಯ ಒಂದು ಎಳೆ ನಮ್ಮ ಬಂಡೀಪುರಕ್ಕೂ ಬರುತ್ತದೆ. 1969ರಲ್ಲಿ ಬಾಂಬೆಯಲ್ಲಿ ಸಂಸ್ಥೆಯ ಭಾರತ ಶಾಖೆ ಶುರುವಾಯಿತು. ಮೊದಲ ಅಧ್ಯಕ್ಷರು ಬರೋಡಾದ ಫತೇಸಿಂಹರಾವ್ ಗಾಯಕವಾಡ್. ಅದೇ ವರ್ಷ ದಿಲ್ಲಿಯಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಹುಲಿಯ ಅಳಿವು ದೊಡ್ಡ ಸುದ್ದಿಯಾಯಿತು. 1972ರ ಗಣತಿಗೆ ಸಿಕ್ಕ ಹುಲಿಗಳು 1,827. ಆ ವರ್ಷ ಮೌಂಟ್‌ಫರ್ಟ್, ಅದೇ ಜಾಹೀರಾತಿನ ಮನುಷ್ಯ, ಇಂದಿರಾ ಗಾಂಧಿಯವರನ್ನು ಕಂಡು, ಸರ್ಕಾರ ಹುಲಿಗಾಗಿ ಕಾಡು ಕಾಯ್ದಿಟ್ಟರೆ ನಾವು ಹತ್ತು ಲಕ್ಷ ಡಾಲರ್ ಎತ್ತಿಕೊಡುತ್ತೇವೆ ಎಂದರು. ಕರಣ್ ಸಿಂಗ್ ಅಧ್ಯಕ್ಷತೆಯಲ್ಲಿ ಕಾರ್ಯಪಡೆ ಕೂತಿತು. 1973ರ ಏಪ್ರಿಲ್ 1ಕ್ಕೆ ಹುಲಿ ಯೋಜನೆ ಶುರು. ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು, ಮೇಳಘಾಟ್ ಇನ್ನೊಂದು.

ಯೋಜನೆಯ ಖರ್ಚಿನ ಬಹುಪಾಲು ಹೊತ್ತದ್ದು ನಮ್ಮದೇ ಖಜಾನೆ. ಹಾಗಾದರೆ ಹತ್ತು ಲಕ್ಷ ಡಾಲರ್ ಮಾಡಿದ್ದೇನು? ನನ್ನ ಅಂದಾಜಿನಲ್ಲಿ, ಅದು ಕೊಂಡದ್ದಕ್ಕಿಂತ ಹೆಚ್ಚಾಗಿ ಮಾತು ಕಟ್ಟಿಹಾಕಿತು. ಹೊರಗಿನವರ ಮುಂದೆ ಒಪ್ಪಿದ ಮೇಲೆ ಹಿಂದೆ ಸರಿಯುವುದು ಯಾವ ಸರ್ಕಾರಕ್ಕೂ ಕಷ್ಟ. ದೊಡ್ಡ ದೇಣಿಗೆಯ ನಿಜವಾದ ಬಲ ಹಲವು ಸಲ ಇಷ್ಟೇ: ಕೊಟ್ಟವನು ನೋಡುತ್ತಿದ್ದಾನೆ ಎಂಬ ಭಯ.

ನೋಡದೇ ಬಿಟ್ಟದ್ದೂ ಇತ್ತು. ಕಾನ್ಹಾದಿಂದ ಬೈಗಾ, ಗೊಂಡ ಜನರ ಹಳ್ಳಿಗಳು ಎದ್ದವು, ರಣಥಂಬೋರ್ ಕೋಟೆಯ ಸುತ್ತಲ ಊರುಗಳೂ ಎದ್ದವು. ಹೊಲ, ಮನೆ, ದೇವರಕಟ್ಟೆ ಬಿಟ್ಟುಕೊಟ್ಟವರ ಲೆಕ್ಕ ಯಾವ ದಾನಿಗಳ ಪಟ್ಟಿಯಲ್ಲೂ ಸೇರಲಿಲ್ಲ. ಹತ್ತು ಸಾವಿರ ಡಾಲರಿಗಿಂತ ದೊಡ್ಡ ದೇಣಿಗೆ ಅದು. ಕೇಳಿ ಪಡೆದದ್ದೋ ಕಿತ್ತುಕೊಂಡದ್ದೋ ಎಂಬ ಜಗಳ ಇವತ್ತಿಗೂ ಕೋರ್ಟುಗಳಲ್ಲಿ, ಗ್ರಾಮಸಭೆಗಳಲ್ಲಿ ನಡೆದೇ ಇದೆ. ಹಾಗೆಂದು ಹುಲಿ ಉಳಿದದ್ದು ಸುಳ್ಳಲ್ಲ. 2022ರ ಗಣತಿಯಲ್ಲಿ ಕರ್ನಾಟಕದಲ್ಲೇ 563 ಹುಲಿಗಳ ಅಂದಾಜಿದೆ. ಎರಡನ್ನೂ ಒಂದೇ ಮಾತಿನಲ್ಲಿ ದಾನಿಯ ಮುಂದೆ ಹೇಳಲು ನನಗಿನ್ನೂ ಬಂದಿಲ್ಲ. ಒಮ್ಮೆ ಪ್ರಯತ್ನಿಸಿದ್ದೆ. ಎದುರಿಗಿದ್ದವರು ಗಡಿಯಾರ ನೋಡಿಕೊಂಡರು.

ಹೋದ ತಿಂಗಳು ಹೊಸ ಪ್ರಸ್ತಾವನೆ ಬರೆದೆ. ಅರಣ್ಯ ಕಾವಲುಗಾರರ ಬೂಟು, ರೇನ್‌ಕೋಟು, ಕಾಡಂಚಿನ ಊರುಗಳಲ್ಲಿ ಸತ್ತ ದನಕ್ಕೆ ತಕ್ಷಣದ ಪರಿಹಾರ, ಇಬ್ಬರು ಸಿಬ್ಬಂದಿಯ ಸಂಬಳ. ಮುಖಪುಟಕ್ಕೆ ಕಬಿನಿ ಹಿನ್ನೀರಿನ ದಂಡೆಯಲ್ಲಿ ಕೂತ ಹುಲಿಯ ಚಿತ್ರ ಹಾಕಿದೆ. ಬಾಡಿಗೆ ಹದಿನಾಲ್ಕನೇ ಪುಟದಲ್ಲಿದೆ, ಸಣ್ಣ ಅಕ್ಷರದಲ್ಲಿ.