ಇಂಜಿನ್‌ಗೆ ಉಸಿರು ಕಟ್ಟಿದ ಕಥೆ

ಭಾಗ 1/4: ಒಳಗಿನ ನೀರು

ಹ್ವಾಯ್, ಒಂದು ಪ್ರಶ್ನೆ. ಹೊರಗೆ ಮೈನಸ್ 25 ಡಿಗ್ರಿ ಚಳಿ. ಕಾರು ಸ್ಟಾರ್ಟ್ ಆಯ್ತು, ಸ್ವಲ್ಪ ದೂರ ಚಂದ ಓಡ್ತು. ಆಮೇಲೆ ಇಂಜಿನ್ ಆಯಿಲ್ ಎಲ್ಲ ರಸ್ತೆಗೆ ಸುರಿದು ಹೋಯ್ತು. ಯಾರೂ ಗುದ್ದಲಿಲ್ಲ, ಚೇಂಬರ್ ಕಲ್ಲಿಗೆ ತಾಗಲಿಲ್ಲ. ಹಾಗಾದ್ರೆ ಎಂತ ಆದದ್ದು?

ವಂಡ್ಸೆಯ ಸೆಕೆಯಲ್ಲಿ ಕೂತು ಇದೆಲ್ಲ ನಮಗ್ಯಾಕೆ ಅಂತ ಕೇಳ್ಬೇಡಿ. ನಿಮ್ಮಲ್ಲಿ ಅರ್ಧ ಜನಕ್ಕೆ ಲಡಾಖ್ ಕನಸು, ಇನ್ನರ್ಧ ಜನಕ್ಕೆ ಕೆನಡಾ ಕನಸು. ಅಲ್ಲಿ ಓದಲು ಹೋದವರು ತಗೊಳ್ಳುವುದು ಹೆಚ್ಚಾಗಿ ಸೆಕೆಂಡ್ ಹ್ಯಾಂಡ್ ಕಾರೇ. ಇಂಜಿನ್ ಹೋದ್ರೆ ಒಂದು ಸೆಮಿಸ್ಟರ್ ಫೀಸೇ ಹೋದ ಹಾಗೆ.

ಮೊದಲು ಬೇಸಿಕ್. ಪಿಸ್ಟನ್ ರಿಂಗ್ ಎಷ್ಟೇ ಬಿಗಿ ಇದ್ರೂ ಸುಟ್ಟ ಗ್ಯಾಸ್ ಸ್ವಲ್ಪ ಸಂದಿಯಲ್ಲಿ ನುಸುಳಿ, ಕೆಳಗೆ ಕ್ರ್ಯಾಂಕ್ ತಿರುಗುವ ಜಾಗಕ್ಕೆ ಇಳೀತದೆ. ಇದಕ್ಕೆ ಬ್ಲೋ-ಬೈ ಅಂತಾರೆ. ಹಳೆ ಗಾಡಿ ನೋಡ್ಲಿಕ್ಕೆ ಹೋದಾಗ ಆಯಿಲ್ ಕ್ಯಾಪ್ ತೆಗೆದು ಹೊಗೆ ಬರ್ತದಾ ಅಂತ ಕಾಣ್ತಾರಲ್ಲ, ಅದೇ ಇದು. ಇದರಲ್ಲಿ ಸುಡದ ಪೆಟ್ರೋಲ್ ಇರ್ತದೆ, ಆಸಿಡ್ ಇರ್ತದೆ, ನೀರಿನ ಆವಿಯೂ ಇರ್ತದೆ. 1 ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 1 ಲೀಟರ್ ನೀರು ಹುಟ್ಟುತ್ತದೆ! ಹೆಚ್ಚಿನದ್ದು ಆವಿಯಾಗಿ ಸೈಲೆನ್ಸರ್‌ನಲ್ಲಿ ಹೋಗ್ತದೆ. ಕೆಳಗೆ ಇಳಿದ ಸ್ವಲ್ಪ ಹೊರಗೆ ಹೋಗಲು ಬೇರೆ ದಾರಿ ಬೇಕು.

ಆ ದಾರಿಯ ಇತಿಹಾಸವೇ ಈ ಸರಣಿ.

ಭಾಗ 2/4: ರಸ್ತೆಗೆ ಬಿಟ್ಟ ಪೈಪು

ಹಳೆ ಕಾಲದ ದಾರಿ ಬಹಳ ಸುಲಭದ್ದು. ಇಂಜಿನ್‌ನಿಂದ ಕೆಳಗೆ ಒಂದು ಪೈಪು, ಅದರ ಬಾಯಿ ರಸ್ತೆಯ ಕಡೆ. ಗಾಡಿ ಓಡುವಾಗ ಅಡಿಯಲ್ಲಿ ಹೋಗುವ ಗಾಳಿ ಒಳಗಿನ ಹೊಗೆಯನ್ನು ಎಳ್ಕೊಂಡು ಹೋಗ್ತಿತ್ತು. 1960ರ ಆಸುಪಾಸಿನ ತನಕ ಹೆಚ್ಚಿನ ಕಾರುಗಳು ಹೀಗೇ ಇದ್ದವು. ಹಳೆ ಡೀಸೆಲ್ ಲಾರಿಯ ಅಡಿಯಲ್ಲಿ ಹೊಗೆಯಾಡುತ್ತಾ ಆಯಿಲ್ ತೊಟ್ಟಿಕ್ಕುವ ಬ್ರೀದರ್ ಪೈಪನ್ನು ನೀವೂ ಕಂಡಿರ್ತೀರಿ. ಅದೂ ಇದೇ ಜಾತಿ.

ಚಳಿ ಈ ಪೈಪಿಗೂ ಕಾಟ ಕೊಟ್ಟಿದೆ, ಅದರಲ್ಲೂ ಸಣ್ಣ ವಿಮಾನಗಳಲ್ಲಿ. ಮೇಲೆ ಹೋದಷ್ಟೂ ಚಳಿ. ಪೈಪಿನ ತುದಿಯಲ್ಲಿ ಆವಿ ಮಂಜುಗಡ್ಡೆಯಾಗಿ ಬಾಯಿ ಮುಚ್ಚಿದ್ರೆ ಒಳಗೆ ಒತ್ತಡ ಏರ್ತದೆ, ಪ್ರೊಪೆಲ್ಲರ್ ಹಿಂದಿನ ಆಯಿಲ್ ಸೀಲ್ ಹಾರ್ತದೆ, ಆಯಿಲ್ ಖಾಲಿ. ಅದಕ್ಕೆ ಕಂಡುಕೊಂಡ ಪರಿಹಾರ ಏನು ಗೊತ್ತಾ? ಪೈಪಿನಲ್ಲಿ ಸ್ವಲ್ಪ ಮೇಲೆ, ಇಂಜಿನ್ ಬಿಸಿ ತಾಗುವಲ್ಲಿ, ಒಂದು ಸಣ್ಣ ತೂತು. ತುದಿ ಕಟ್ಟಿದ್ರೂ ತೂತಿನಿಂದ ಉಸಿರಾಡಬಹುದು. ಅಷ್ಟೇ!

ಎರಡನೇ ಮಹಾಯುದ್ಧದಲ್ಲಿ ಬೇರೆ ತಲೆಬಿಸಿ ಬಂತು. ಹೊಳೆ ದಾಟುವಾಗ ತೆರೆದ ಪೈಪಿನಿಂದ ನೀರು ಇಂಜಿನ್ ಒಳಗೇ ಹೋಗುವ ಅಪಾಯ. ಅದಕ್ಕೆ ಮಿಲಿಟರಿ ಗಾಡಿಗಳಲ್ಲಿ ರಸ್ತೆ ಕಡೆಯ ಬಾಯಿ ಮುಚ್ಚಿ, ಆ ಹೊಗೆಯನ್ನು ಒಂದು ಸಣ್ಣ ವಾಲ್ವ್ ಮೂಲಕ ಇಂಜಿನ್ನೇ ವಾಪಸ್ ಎಳ್ಕೊಂಡು ಸುಡುವ ಹಾಗೆ ಮಾಡಿದ್ರು. ವಿಲ್ಲೀಸ್ ಜೀಪಿನಲ್ಲಿ ಈ ವಾಲ್ವ್ ಇತ್ತು. ಕೊಲ್ಲೂರಿನಿಂದ ಕೊಡಚಾದ್ರಿ ಹತ್ತುವ ಮಹೀಂದ್ರ ಜೀಪುಗಳಿವೆಯಲ್ಲ, ಅವುಗಳ ಅಜ್ಜ ಇದೇ ವಿಲ್ಲೀಸ್. ಇಂದು ನಾವು ಪಿಸಿವಿ ಅನ್ನುವ ವ್ಯವಸ್ಥೆ ಹೀಗೆ ಶುರುವಾಯ್ತು.

ಭಾಗ 3/4: ಕಾನೂನು ಮುಚ್ಚಿದ ಬಾಗಿಲು

ಯುದ್ಧ ಮುಗಿದ ಮೇಲೂ ಮಾಮೂಲಿ ಕಾರುಗಳ ಪೈಪು ರಸ್ತೆಗೇ ಬಾಯಿ ತೆರೆದಿತ್ತು. ಅಷ್ಟರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಕಣ್ಣು ಉರಿಸುವ ಹೊಗೆಮಂಜು ಕವಿಯಲು ಶುರುವಾಗಿತ್ತು. ಗಾಡಿ, ಕಾರ್ಖಾನೆಗಳಿಂದ ಬಂದ ಅನಿಲಗಳು ಬಿಸಿಲಿಗೆ ಸೇರಿ ಈ ವಿಷ ಆಗ್ತದೆ ಅಂತ 1950ರ ದಶಕದಲ್ಲಿ ತೋರಿಸಿಕೊಟ್ಟವರು ರಸಾಯನ ವಿಜ್ಞಾನಿ ಹಾಗೆನ್-ಸ್ಮಿಟ್. ಒಂದು ಕಾರು ಬಿಡುವ ಸುಡದ ಇಂಧನದಲ್ಲಿ ಸುಮಾರು ಶೇ. 20ರಿಂದ 25 ಈ ಬ್ರೀದರ್ ಪೈಪಿನಿಂದಲೇ ಬರ್ತಿತ್ತು.

ಹಾಗಾಗಿ 1961ರಿಂದ ಕ್ಯಾಲಿಫೋರ್ನಿಯಾದ ಹೊಸ ಕಾರುಗಳಿಗೆ ಪಿಸಿವಿ ಬಂತು. 1963ಕ್ಕೆ ಇಡೀ ಅಮೆರಿಕಕ್ಕೆ. 1968ಕ್ಕೆ ಒಂದು ಚೂರೂ ಹೊರಗೆ ಬಿಡುವ ಹಾಗಿಲ್ಲ ಅಂತಾಯ್ತು. ನಮ್ಮಲ್ಲಿ ಪೆಟ್ರೋಲ್ ಗಾಡಿಗಳಿಗೆ ಹೊಗೆ ಮಿತಿ 1991ರಲ್ಲಿ ಶುರುವಾಗಿ, 2020ರ ಏಪ್ರಿಲ್ 1ಕ್ಕೆ ಬಿಎಸ್-6ರ ತನಕ ಬಂತು.

ಬಿಕಾಂನವರು ಇಲ್ಲಿ ಸ್ವಲ್ಪ ನಿಲ್ಲಿ. ಹಳೆ ಪೈಪಿನ ಖರ್ಚು ಯಾರ ಲೆಕ್ಕದಲ್ಲಿತ್ತು? ಕಾರಿನ ಮಾಲೀಕನದ್ದಲ್ಲ, ದಾರಿಯಲ್ಲಿ ನಡೆಯುವವನ ಶ್ವಾಸಕೋಶದ್ದು. ಕಾನೂನು ಮಾಡಿದ್ದು ಇಷ್ಟೇ: ಆ ಖರ್ಚನ್ನು ಮಾಲೀಕನ ಪುಸ್ತಕಕ್ಕೆ ವಾಪಸ್ ಬರೆದದ್ದು. ನ್ಯಾಯವೇ. ಆದ್ರೆ ಈಗ ವಿಮಾನದವರ ಹಾಗೆ ಪೈಪಿಗೊಂದು ತೂತು ಕೊರೆಯಲು ಆಗುವುದಿಲ್ಲ. ತೂತು ಕೊರೆದ್ರೆ ಹೊಗೆ ಹೊರಗೆ!

ಭಾಗ 4/4: ಮಂಜುಗಡ್ಡೆಯ ಬಿರಡೆ

ಈಗ ಮೊದಲ ಪ್ರಶ್ನೆಗೆ ಉತ್ತರ. ಇಂಜಿನ್ ಒಳಗಿನ ಬಿಸಿ, ತೇವದ ಆವಿ ಹೋಸ್‌ನಲ್ಲಿ ಬಂದು, ಏರ್ ಫಿಲ್ಟರ್ ಕಡೆಯಿಂದ ಬರುವ ಮೈನಸ್ 25ರ ಗಾಳಿಯನ್ನು ಸೇರ್ತದೆ. ಸೇರುವ ಜಾಗದಲ್ಲಿ ಪದರ ಪದರವಾಗಿ ಮಂಜುಗಡ್ಡೆ ಕಟ್ಟಿ ದಾರಿ ಬಂದ್. ಕುಕ್ಕರ್ ವಿಸಿಲ್‌ನಲ್ಲಿ ಬೇಳೆ ಸಿಕ್ಕಿಕೊಂಡ ಹಾಗೆ. ಕುಕ್ಕರ್‌ಗಾದ್ರೂ ಸೇಫ್ಟಿ ವಾಲ್ವ್ ಇದೆ, ಇಲ್ಲಿ ಅದಿಲ್ಲ. ಒತ್ತಡ ತನಗೆ ಸುಲಭದ ದಾರಿ ಹುಡುಕ್ತದೆ: ಡಿಪ್‌ಸ್ಟಿಕ್ ಮೇಲೆ ಹಾರ್ತದೆ, ಇಲ್ಲಾ ಕ್ರ್ಯಾಂಕಿನ ತುದಿಯ ಆಯಿಲ್ ಸೀಲ್ ಹೊರಗೆ ಬರ್ತದೆ. ಆಯಿಲ್ ಹೋಯ್ತು, ಹಾಗೇ ಓಡಿಸಿದ್ರೆ ಇಂಜಿನ್ ಜಾಮ್.

2000ರ ನಂತರದ ಚಳಿಗಾಲಗಳಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್‌ನ ಸಣ್ಣ ಪೆಟ್ರೋಲ್ ಇಂಜಿನ್‌ಗಳಿಗೆ ಇದೇ ರೋಗ ಬಂತು. ಜನ ಅವಕ್ಕೆ ‘ಫ್ರೋಸ್ಟ್‌ಮೋಟರ್’ ಅಂತ ಹೆಸರೇ ಇಟ್ರು. ಆಮೇಲೆ ಕಂಪನಿ ಆ ಹೋಸಿಗೆ ಹೀಟರ್ ಕೂರಿಸಿತು. ಈಗ ಚಳಿ ದೇಶದ ಎಷ್ಟೋ ಕಾರುಗಳಲ್ಲಿ ಈ ಹೀಟರ್ ಇರ್ತದೆ.

ಕೆನಡಾಕ್ಕೆ ಹೊರಟವರೇ, ಇಷ್ಟು ನೆನಪಿಡಿ. ಕಾರು ತಗೊಳ್ಳುವ ಮೊದಲು ಪಿಸಿವಿ ಹೋಸ್, ಅದರ ಹೀಟರ್ ಸರಿ ಇದೆಯಾ ಅಂತ ಗ್ಯಾರೇಜಲ್ಲಿ ತೋರಿಸಿ. ದಿನಾ ಐದೇ ನಿಮಿಷ ಓಡಿಸಿ ಆಫ್ ಮಾಡುವುದು ಬಹಳ ಕೆಟ್ಟದ್ದು, ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂದ್ರೂ ಆಯಿಲ್ ಬಿಸಿಯಾಗಲು ಇನ್ನೂ ಹೊತ್ತು ಬೇಕು. ಡಿಪ್‌ಸ್ಟಿಕ್ ಮೇಲೆ ಎದ್ದದ್ದು ಕಂಡ್ರೆ, ಆಯಿಲ್ ಲೈಟ್ ಹತ್ತಿದ್ರೆ ಕೂಡ್ಲೇ ಇಂಜಿನ್ ಆಫ್. ‘ಮನೆ ಇಲ್ಲೇ ಹತ್ರ’ ಅನ್ಬೇಡಿ.

ಊರಲ್ಲೇ ಇರುವವರಿಗೆ ಮಂಜುಗಡ್ಡೆಯ ಹೆದರಿಕೆ ಇಲ್ಲ. ಆದ್ರೆ ಮಳೆಗಾಲದಲ್ಲಿ ಪೇಟೆಗೆ ಮಾತ್ರ ಹೋಗಿ ಬರುವ ಕಾರಿನ ಆಯಿಲ್ ಕ್ಯಾಪ್ ತೆಗೆದು ಕಾಣಿ. ಅಡಿಯಲ್ಲಿ ಬಿಳಿ ಬೆಣ್ಣೆಯಂಥದ್ದು ಅಂಟಿರಬಹುದು. ಅದು ಆಯಿಲ್ ಜೊತೆ ಕಲಸಿದ ಅದೇ ನೀರು. ಕ್ಯಾಪಿನಲ್ಲಿ ಮಾತ್ರ ಇದ್ರೆ ಒರೆಸಿ, ವಾರಕ್ಕೊಮ್ಮೆ ಕುಂದಾಪುರದ ತನಕ ಓಡಿಸಿ ಬನ್ನಿ. ಡಿಪ್‌ಸ್ಟಿಕ್‌ನಲ್ಲೂ ಬಿಳಿ ಇದ್ದು ಕೂಲೆಂಟ್ ಕೂಡ ಕಮ್ಮಿ ಆಗ್ತಿದ್ರೆ ಮೆಕ್ಯಾನಿಕ್ ಹತ್ರ ಹೋಗಿ, ಅದು ಹೆಡ್ ಗ್ಯಾಸ್ಕೆಟ್ ಇರಬಹುದು.

ಈ ಡಿಸೆಂಬರಿಗೆ ಚಳಿ ದೇಶದಲ್ಲಿರುವ ನಿಮ್ಮ ಅಣ್ಣನಿಗೋ ಅಕ್ಕನಿಗೋ ಇದನ್ನು ಕಳ್ಸಿ.

#ವಂಡ್ಸೆ #ಕುಂದಾಪ್ರ #ಇಂಜಿನ್_ಇತಿಹಾಸ #ಬಿಕಾಂ_ಹುಡುಗರು